ಬುಗ್ಗೆಯ ಗೋಡೆಯ ಬಿಳಿ ಹುಳ

ದೊರ್ಸಾಫ್ ಹನ್ನೊಂದು ವರ್ಷದಿಂದ ಹುಳಗಳ ಕಾಲು ಬರೆಯುತ್ತಿದ್ದಳು. ಟ್ಯೂನಿಸ್‌ನ ಒಂದು ಕಾಲೇಜಿನ ಲ್ಯಾಬಿನಲ್ಲಿ ಅವಳ ಕೆಲಸವೇ ಅದು. ಒದ್ದೆ ಕಲ್ಲಿನಡಿ, ಕೊಳೆತ ಎಲೆಯಡಿ ಹದಿನಾಲ್ಕು ಕಾಲಲ್ಲಿ ಹರಿದಾಡುವ ಚಪ್ಪಟೆ ಹುಳಗಳಿವೆಯಲ್ಲ, ಅವನ್ನು ಸೂಜಿಯ ತುದಿಯಲ್ಲಿ ಬಿಡಿಸಿ, ಸೂಕ್ಷ್ಮದರ್ಶಕದಡಿ ಇಟ್ಟು, ಒಂದೊಂದು ಕಾಲನ್ನೂ ಒಂದೊಂದು ರೋಮವನ್ನೂ ಇಂಕಿನಲ್ಲಿ ಬಿಡಿಸುವುದು. ನೆಂಟರ ಕಣ್ಣಿಗೆ ಅದು ಕೆಲಸವೇ ಅಲ್ಲ. ಹೋದ ಹಬ್ಬದಲ್ಲಿ ಅವಳ ಖಾಲ್ತಿ, ಅಂದರೆ ದೊಡ್ಡಮ್ಮ ಬೇಯಾ, ಊಟದ ನಡುವೆ ಎಲ್ಲರೆದುರು ಕೇಳಿಯೇಬಿಟ್ಟಳು.

"ಅಲ್ವೇ, ಇಷ್ಟೆಲ್ಲ ಓದಿ ಹುಳದ ಕಾಲು ಎಣಿಸ್ತೀಯಲ್ಲ, ಅದಕ್ಕೇನು ಚಪ್ಪಲಿ ಹೊಲಿಸ್ತೀಯಾ?"

ಮನೆಗೆ ಮನೆಯೇ ನಕ್ಕಿತು. ದೊರ್ಸಾಫ್ ಕೂಡ ನಕ್ಕಳು. ಆದರೆ ಅಂದಿನಿಂದ ಖಾಲ್ತಿಯೆದುರು ಹುಳದ ಮಾತೆತ್ತಲಿಲ್ಲ.

ಅದರ ಮರುದಿನವೇ ಆ ಹುಳ ಸಿಕ್ಕಿದ್ದು. ಖಾಲ್ತಿಯ ಹಳ್ಳಿಯಿರುವುದು ಝಗ್ವಾನ್ ಬೆಟ್ಟದ ಬುಡದಲ್ಲಿ. ಊರಾಚೆ ಸೀದಿ ಅಮ್ಮಾರ್ ಎಂಬ ಸಂತನ ಗೋರಿ, ಗೋರಿಯ ಬೆನ್ನಿಗೆ ಒಂದು ಬುಗ್ಗೆ. ಬುಗ್ಗೆಯ ಮೇಲಿನ ಹಳೇ ಕಲ್ಲುಗೋಡೆಗೆ ಅಂಜೂರದ ಬೇರು ಹೊಕ್ಕಿತ್ತು, ಪಾಚಿ ಕಟ್ಟಿತ್ತು. ಕಾಲು ತೊಳೆಯಲು ಹೋದವಳು ಅಭ್ಯಾಸಬಲದಿಂದ ಒಂದು ಕಲ್ಲು ಸರಿಸಿದಳು. ಅಕ್ಕಿಕಾಳಿನಷ್ಟುದ್ದ, ಹಾಲಿನ ಬಣ್ಣ, ಕಣ್ಣಿನ ಗುರುತೇ ಇಲ್ಲ. ಆರು ಹುಳ ಸಿಕ್ಕವು. ಲ್ಯಾಬಿಗೆ ತಂದು ನೋಡಿದರೆ ಪುಸ್ತಕದಲ್ಲಿರುವ ಯಾವ ಜಾತಿಗೂ ಹೊಂದಲಿಲ್ಲ. ಆದರೆ ಆರಕ್ಕೆ ಆರೂ ಹೆಣ್ಣು.

ಈ ಹುಳಗಳಲ್ಲಿ ಜಾತಿ ಗೊತ್ತಾಗುವುದು ಗಂಡಿನ ಹೊಟ್ಟೆಯಡಿಯ ಒಂದು ಪುಟ್ಟ ಕಾಲಿನಿಂದ. ಅದರ ತುದಿ ಕೊಂಕಿದೆಯೋ ನೆಟ್ಟಗಿದೆಯೋ, ಅದನ್ನು ಬರೆದು ತೋರಿಸದಿದ್ದರೆ ಹೊಸ ಜಾತಿ ಎಂದು ಯಾರೂ ಒಪ್ಪುವುದಿಲ್ಲ.

"ಕಂಡುಹಿಡಿದವಳು ನೀನು, ಬರೆಯೋಳೂ ನೀನೇ. ಈ ಸಲ ಲೇಖನದ ಮೇಲೆ ನಿನ್ನ ಹೆಸರೇ ಇರ್ಲಿ," ಎಂದಿದ್ದರು ಲ್ಯಾಬಿನ ಪ್ರೊಫೆಸರ್ ಲಮ್ಜೆದ್. "ಆದ್ರೆ ಗಂಡುಹುಳ ಒಂದು ಬೇಕು ಕಣಮ್ಮ. ಒಂದೇ ಒಂದು ಸಾಕು."

ಹನ್ನೊಂದು ವರ್ಷದಲ್ಲಿ ಅವಳ ಹೆಸರು ಬಂದಿದ್ದೆಲ್ಲ ಲೇಖನದ ಕೊನೆಯ ಧನ್ಯವಾದದ ಸಾಲಿನಲ್ಲಿ. ಚಳಿಗಾಲವಿಡೀ ಅವಳು ರಜೆ ಹಾಕಿ ಹಾಕಿ ಆ ಬೆಟ್ಟದ ಬೇರೆ ಬುಗ್ಗೆಗಳನ್ನೆಲ್ಲ ಜಾಲಾಡಿದಳು. ಎಲ್ಲೂ ಇಲ್ಲ. ಇದ್ದರೆ ಆ ಗೋಡೆಯಲ್ಲೇ. ಮಾರ್ಚಿನ ಮಳೆ ಬಿದ್ದ ಮೇಲೆ ಗಂಡುಹುಳ ಮೇಲೆ ಬಂದೀತು ಎಂದು ಪ್ರೊಫೆಸರರೇ ಇನ್ನಿಬ್ಬರನ್ನು ಕರೆದುಕೊಂಡು ಹೊರಡಲು ಒಪ್ಪಿದರು. ದೊರ್ಸಾಫ್ ಖಾಲ್ತಿಗೆ ಫೋನ್ ಮಾಡಿದಳು.

"ಖಾಲ್ತಿ, ಗುರುವಾರ ನಮ್ಮ ಪ್ರೊಫೆಸರ್ ಬರ್ತಾರೆ. ಜೊತೆಗೆ ಇನ್ನಿಬ್ರು."

"ನಮ್ಮೂರಿಗಾ? ಯಾಕೇ?"

ಹುಳಕ್ಕೆ ಎನ್ನಲು ನಾಲಿಗೆ ಏಳಲಿಲ್ಲ. ಆ ಚಪ್ಪಲಿಯ ನಗು ಇನ್ನೂ ಕಿವಿಯಲ್ಲಿತ್ತು. "ಸೀದಿ ಅಮ್ಮಾರ್ ಬುಗ್ಗೆ ನೋಡ್ಬೇಕಂತೆ," ಎಂದಳು.

"ಅಯ್ಯೋ ನನ್ನ ಚಿನ್ನ! ಅಷ್ಟು ದೂರದಿಂದ ನಮ್ಮ ಬುಗ್ಗೆ ನೋಡೋಕೆ! ನೀನು ಆರಾಮಾಗಿರು, ನಾವಿದ್ದೀವಿ."

ಗುರುವಾರ ಕಾರಿನಿಂದ ಇಳಿಯುವಾಗಲೇ ಮೂಗಿಗೆ ಬಡಿದದ್ದು ಬ್ಲೀಚಿಂಗ್ ವಾಸನೆ. ಗೋರಿಯ ಮುಂದೆ ಬೇಯಾ, ಅವಳ ಸೊಸೆಯರು ಸೇರಿ ಐವರು ಹೆಂಗಸರು, ಮೊಣಕೈವರೆಗೂ ಸುಣ್ಣ. ಸಂತನ ಜಾಗಕ್ಕೆ ಪರ ಊರಿನವರು ಬರುತ್ತಾರೆಂದರೆ ಸುಣ್ಣ ಬಳಿಯದೆ ಬಿಡುವ ಹೆಂಗಸು ಆ ಊರಲ್ಲಿ ಹುಟ್ಟಿಲ್ಲ. ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಪಾಚಿ ಇಲ್ಲ, ಬೇರು ಇಲ್ಲ, ಕಲ್ಲಿನ ಸಂದಿಯೇ ಇಲ್ಲ.

"ಮೂರು ದಿನ ಬಿಡದೆ ಉಜ್ಜಿದೀವಿ!" ಬೇಯಾ ಸೊಂಟ ಹಿಡಿದುಕೊಂಡು ನಕ್ಕಳು. "ಥೂ, ಏನು ಗಲೀಜಿತ್ತು ಅಂತೀಯಾ! ಆ ಬೇರು ಕಿತ್ತಾಗ ಬಿಳಿ ಬಿಳಿ ಹುಳ ಮುಷ್ಟಿಗಟ್ಲೆ ಉದುರಿದ್ವು. ದೊಡ್ಡೋರು ಬಂದಾಗ ಅದೆಲ್ಲ ಕಂಡ್ರೆ ನಿನ್ನ ಮಾನ ಏನಾಗ್ಬೇಕು? ಬಕೆಟ್‌ಗಟ್ಲೆ ಬ್ಲೀಚಿಂಗ್ ನೀರು ಸುರಿದ್ವಿ."

ಪ್ರೊಫೆಸರ್ ಒಮ್ಮೆ ಗೋಡೆ ನೋಡಿದರು, ಒಮ್ಮೆ ದೊರ್ಸಾಫಳ ಮುಖ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ತುಂಬಾ ಚೆನ್ನಾಗಿದೆ ತಾಯಿ, ಶ್ರಮ ತಗೊಂಡಿದ್ದೀರಿ," ಎಂದರು. ಹೆಂಗಸರು ಗೋರಿಯ ಅಂಗಳದಲ್ಲೇ ಕುರಿಮಾಂಸದ ಕುಸ್‌ಕುಸ್ ಬಡಿಸಿದರು. ಮೂವರೂ ಉಂಡರು, ಹೊಗಳಿದರು, ಮಧ್ಯಾಹ್ನದ ಹೊತ್ತಿಗೆ ಹೊರಟರು.

ದೊರ್ಸಾಫ್ ಹೋಗಲಿಲ್ಲ. ಬುಗ್ಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಸುಣ್ಣ ಕೆರೆಯುತ್ತಿದ್ದಳು.

"ಏಯ್, ಏನ್ ಮಾಡ್ತಿದ್ದೀಯೇ? ಇನ್ನೂ ಹಸಿ ಇದೆ, ಕೈ ಸುಡುತ್ತೆ!" ಬೇಯಾ ಹಿಂದಿನಿಂದ ಕೂಗಿದಳು.

"ಅವ್ರು ಬಂದಿದ್ದು ಆ ಹುಳಕ್ಕೆ, ಖಾಲ್ತಿ."

"ಯಾವ ಹುಳಕ್ಕೆ?"

"ನೀವು ಉಜ್ಜಿ ಹಾಕಿದ್ರಲ್ಲ, ಅದಕ್ಕೆ. ಪ್ರಪಂಚದಲ್ಲಿ ಇನ್ನೆಲ್ಲೂ ಸಿಕ್ಕಿಲ್ಲ ಅದು. ಒಂದು ಗಂಡುಹುಳ ಸಿಕ್ಕಿದ್ರೆ ನಾನೇ ಅದಕ್ಕೊಂದು ಹೆಸರಿಡ್ತಿದ್ದೆ."

ಬೇಯಾ ನಗುತ್ತಾಳೆಂದು ದೊರ್ಸಾಫ್ ಅಂದುಕೊಂಡಿದ್ದಳು. ನಗಲಿಲ್ಲ.

"ಹೇಳ್ಬಾರ್ದಿತ್ತೇನೇ, ಹುಚ್ಚಿ?"

"ಹೇಳ್ಬೇಕಿತ್ತು."

ಬೇಯಾ ಅಂಗಳಕ್ಕೆ ಹೋಗಿ ಕುಸ್‌ಕುಸ್ ಬಡಿಸಿದ್ದ ದೊಡ್ಡ ಚಮಚ ತಂದಳು. ಎಪ್ಪತ್ತರ ಮಂಡಿ ಊರಿ, ಸೊಸೆಯರು ಬೇಡ ಬೇಡವೆಂದರೂ ಕೇಳದೆ, ತಾನೇ ಬಳಿದ ಸುಣ್ಣವನ್ನು ಕೆರೆಯಲು ಕೂತಳು. ಸತ್ತ ಹುಳ ಸಿಕ್ಕಾಗಲೆಲ್ಲ ಅಂಗೈಯಲ್ಲಿಟ್ಟು ಚಾಚುವಳು.

"ಇದು?"

ದೊರ್ಸಾಫ್ ಭೂತಗನ್ನಡಿ ಹಿಡಿದು ನೋಡುವಳು. "ಹೆಣ್ಣು, ಖಾಲ್ತಿ."

"ಇದು ನೋಡು. ಇದರ ಮುಖ ಬೇರೆ ಥರ ಇದೆ."

"ಅದೂ ಹೆಣ್ಣೇ."

"ಇದು? ಇದು ದೊಡ್ಡದಿದೆ ನೋಡೇ."

ದೊರ್ಸಾಫ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ಹೊಟ್ಟೆಯಡಿ ಎಲ್ಲ ಸುಣ್ಣ ತಿಂದುಹಾಕಿತ್ತು.

"ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ? ಅಷ್ಟು ಓದಿದೀಯ!"

"ನೋಡೋಕೆ ಕಾಲೇ ಉಳಿದಿಲ್ಲ, ಖಾಲ್ತಿ."

ಬೇಯಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಚಮಚವನ್ನು ಮೇಲಿನ ಸಂದಿಗೆ ತೂರಿಸಲು ನೋಡಿದಳು. ಅದು ಟಣ್ ಎಂದು ಹಿಂದಕ್ಕೆ ಬಂತು. ಅಲ್ಲೆಲ್ಲ ಸಿಮೆಂಟು ಮೆತ್ತಿದ್ದರು.