ಕರಡು ಕೋಣೆಯಲ್ಲಿ ಅಕ್ಕನ ದನಿ

ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮನೆಗೆ ಬರುತ್ತಿದ್ದ ಅಪ್ಪನ ಅಂಗೈಯ ವಾಸನೆ, ಎಷ್ಟು ಸೋಪು ಹಾಕಿದರೂ ಹೋಗದ ಆ ವಾಸನೆ, ತಮ್ಮ ಮೊದಲ ನೆನಪೆಂದು ಅವರು ಹೇಳುವುದುಂಟು. ಆ ಕೈ ಹಿಡಿದೇ ಮುದ್ರಣಾಲಯದ ಮೆಟ್ಟಿಲು ಹತ್ತಿದವರು, ಎಲ್ಲರ ಬಾಯಲ್ಲೂ ಅಕ್ಕನಾಗಿ, ಇಂದು ಕರಡು ವಿಭಾಗದ ಮುಖ್ಯಸ್ಥೆಯ ಸ್ಥಾನದಿಂದ ನಿವೃತ್ತರಾಗುತ್ತಿದ್ದಾರೆ. ನಮ್ಮ ಪಠ್ಯಪುಸ್ತಕಗಳು ತಪ್ಪಿಲ್ಲದೆ ಮಕ್ಕಳ ಕೈ ಸೇರಿದ್ದರೆ ಅದರ ಹಿಂದೆ ಅವರ ಕಣ್ಣಿದೆ, ಅದಕ್ಕಿಂತ ಹೆಚ್ಚಾಗಿ ಅವರ ಅನುಮಾನವಿದೆ. ಅಚ್ಚಾದ ಯಾವ ಅಕ್ಷರವನ್ನೂ ಅವರು ಸುಮ್ಮನೆ ನಂಬಿದವರಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾದ ಮೇಲೆ ಈ ಅನುಮಾನ ಅವರ ಮೈಯನ್ನೂ ಹತ್ತಿತು. ಬೆವರಿದರೆ ಸೆಖೆಯೋ, ಸಕ್ಕರೆ ಇಳಿಯಿತೋ? ಕೈ ನಡುಗಿದರೆ ಕೋಪವೋ, ಅದೋ? ಒಮ್ಮೆ ರಸ್ತೆಯ ನಡುವೆ ದಿಕ್ಕು ತಪ್ಪಿ ನಿಂತ ಮೇಲೆ ಸಂಜೆಯ ನಡಿಗೆ ಬಿಟ್ಟರು. ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟರು. ಮಲಗಿದಲ್ಲೇ ಸಕ್ಕರೆ ಇಳಿದುಬಿಟ್ಟರೆ ಎಂದು ಹಸಿವಿಲ್ಲದೆಯೂ ಎರಡು ತುತ್ತು ಹೆಚ್ಚು ತಿಂದರು.

"ಇಳಿಸಿ ಇಳಿಸಿ ಅಂತ ಪ್ರಾಣ ತಿಂದ ಡಾಕ್ಟ್ರೇ ಈಗ ಇಳಿದ್ರೆ ಅಪಾಯ ಅಂತಾರೆ. ಇವರನ್ನ ಹೇಗ್ರೀ ನಂಬೋದು?" ಎಂದು ಗಂಡನ ಮೇಲೆ ರೇಗುತ್ತಿದ್ದರು. ಆತ "ಮುಖ ಯಾಕೋ ಬಾಡಿದೆಯಲ್ಲೇ" ಎಂದರೆ, "ನೀವೂ ಪಹರೆಗೆ ನಿಂತ್ರಾ?"

ಕಚೇರಿಯಲ್ಲಿ ಮಾತ್ರ ಇದೆಲ್ಲ ಗುಟ್ಟು. ಗೊತ್ತಾದರೆ ಕೆಲಸವೇ ಹೋಗುತ್ತದೆಂಬ ಭಯ. ಕರಡು ಓದುವುದು ಇಬ್ಬರ ಕೆಲಸ: ಅಕ್ಕ ಮೂಲಪ್ರತಿಯನ್ನು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದಬೇಕು, ಎದುರು ಕುಳಿತ ಸಹಾಯಕಿ ಅಚ್ಚಾದ ಹಾಳೆಯೊಂದಿಗೆ ಅದನ್ನು ಹೊಂದಿಸಿ ನೋಡಬೇಕು. ಆ ಸಹಾಯಕಿಗೋ, ಓದು ಭರದಲ್ಲಿರುವಾಗಲೇ ಹಸಿವು! "ಅಕ್ಕಾ, ಹೊಟ್ಟೆ ಚುರುಗುಟ್ತಿದೆ" ಎಂದು ಎದ್ದು, ಸಕ್ಕರೆ ಸುರಿದ ಎರಡು ಲೋಟ ಟೀ ತರುತ್ತಿದ್ದಳು. ಒಂದು ದಿನ ಅವಳು ಮ್ಯಾನೇಜರರ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದು ಅಕ್ಕನ ಕಣ್ಣಿಗೆ ಬಿತ್ತು. ಮರುವಾರವೇ ಊಟದ ಬಿಡುವು ಮುಂಚಿತವಾಯಿತು. ಕಾಯಿಲೆಯ ಗುಟ್ಟು ರಟ್ಟಾಯಿತು, ತಮ್ಮ ಬುಡಕ್ಕೇ ಕೊಡಲಿ ಬಿತ್ತೆಂದು ಅಕ್ಕ ತಿಳಿದರು.

"ನನ್ನ ಮೇಲೆ ಏನೇ ಚಾಡಿ ಹೇಳಿದ್ದು?"

"ಚಾಡಿ ಅಲ್ಲಕ್ಕಾ. ನೀವು ಕಾಮಾ ನುಂಗೋಕೆ ಶುರು ಮಾಡಿದ್ರೆ ಸಕ್ಕರೆ ಇಳೀತಿದೆ ಅಂತ ಅರ್ಥ. ನಮ್ಮತ್ತೆಗೂ ಹೀಗೇ ಆಗುತ್ತೆ, ಅದಕ್ಕೇ ಆ ಸಕ್ಕರೆ ಟೀ. ಊಟದ ಹೊತ್ತು ಮುಂಚೆ ಮಾಡಿ ಅಂತ ಕೇಳ್ಕೊಂಡೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಒಪ್ತಿದ್ರಾ? ನಿಮ್ಮ ಕುರ್ಚಿ ನಂಗ್ಯಾಕಕ್ಕಾ, ಅದರದ್ದೊಂದು ಕಾಲು ಅಲ್ಲಾಡುತ್ತೆ."

ಅಕ್ಕ ಪೂರ್ತಿ ನಂಬಿದರೋ ಇಲ್ಲವೋ ಹೇಳಲಾರೆವು. ಆದರೆ ಆ ವಾರವೇ ಡಾಕ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಇನ್ಸುಲಿನ್ ಪ್ರಮಾಣ ಬದಲಿಸಿಕೊಂಡರು. ಕೆಲಸ ಹೋಗಲಿಲ್ಲ, ಸಂಜೆಯ ನಡಿಗೆ ಮರಳಿತು.

ಅಕ್ಕ ನೂರ್ಕಾಲ ಬಾಳಲಿ, ಮನೆಗೆ ಕಳುಹಿಸುವ ನಮ್ಮ ಕರಡುಗಳನ್ನು ಇದೇ ಅನುಮಾನದ ಕಣ್ಣಿಂದ ತಿದ್ದುತ್ತಿರಲಿ. ಈ ಬೀಳ್ಕೊಡುಗೆ ಸಂಪುಟದ ಕರಡನ್ನೂ, "ಬೆನ್ನ ಹಿಂದೆ ಏನೇನು ಬರ್ದಿದ್ದೀರೋ" ಎಂದು ಅವರೇ ತರಿಸಿಕೊಂಡು ಕುಳಿತಿದ್ದಾರೆ. ಊಟದ ಹೊತ್ತು ಮೀರುತ್ತ ಬಂದರೂ ಪೆನ್ಸಿಲು ಕೆಳಗಿಟ್ಟಿಲ್ಲ. ಸಹಾಯಕಿ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಮುಚ್ಚಳ ತೆಗೆದ ತನ್ನ ಊಟದ ಡಬ್ಬಿಯನ್ನು ಅವರ ಕೈಗಿತ್ತಳು.