ಕಾಶಿಬಾಯಿ ಪಾಳಿ, ದೊಡ್ಡ ಗ್ರಹದ ಸೊಟ್ಟ ದಾರಿ

ಹೋದ ಸೋಮವಾರ ನಮ್ಮ ಓಣಿಯೊಳಗ ನನ್ನ ಮ್ಯಾಲೇ ಪಂಚಾಯ್ತಿ ಕೂಡಿತ್ತು. ತಕರಾರು ಏನಂದ್ರ, ಒಂದು ಖಾಲಿ ಕೊಡ.

ಔರಾದದಾಗ ಟ್ಯಾಂಕರ್ ಬರೋ ದಿನ ಹ್ಯಾಂಗಿರ್ತದ ಅಂತ ನಿಮಗ ಹೇಳಬೇಕೇನ್ರಿ? ಬಿಸಲಾಗ ಮಂದಿ ನಿಲ್ಲೋದಿಲ್ಲ, ಕೊಡ ನಿಲ್ತಾವ. ಮನಿಗೊಂದು ಪಾಳಿ. ನನ್ನ ಕೊಡದ ಹಿಂದ ಬಾಜೂಮನಿ ಕಾಶಿಬಾಯಿ ಕೊಡ. ಕಾಶಿಬಾಯಿ ಮಾತ್ರ ಇಲ್ಲ. ಹೋದ ವರ್ಷದ ಬರಕ್ಕ ಮಗ-ಸೊಸಿ ಜೋಡಿ ಪುಣೆಕ್ಕ ಬಿಲ್ಡಿಂಗ್ ಕೆಲಸಕ್ಕ ಹೋದಳು. ಭಾಲ್ಕಿ ಸ್ಟೇಷನ್ನಿಗೆ ಹೋಗೋ ಟೆಂಪೋ ಹಾರನ್ ಹೊಡೀತಿತ್ತು. ಕೊಡ ನನ್ನ ಕೈಯಾಗ ಕೊಟ್ಟು, "ನನ್ನ ಪಾಳಿ ಹೋಗಗೊಡಬ್ಯಾಡ" ಅಂದಳು. ಆಕಿ ಅಳಲಿಲ್ಲ, ನಾನೂ ಅಳಲಿಲ್ಲ.

ಅಂದಿನಿಂದ ಟ್ಯಾಂಕರ್ ಬಂದಾಗೆಲ್ಲಾ ಆ ಕೊಡ ಇಡ್ತೇನಿ. ನೀರು ಹಿಡಿಯೋದಿಲ್ಲ. ಅದರ ಪಾಳಿ ಬಂತಂದ್ರ ಎತ್ತಿ ಬಗಲಾಗ ಇಟಗೊಂಡು, ಹಿಂದಿನವರಿಗೆ ಮುಂದ ಬರ್ರಿ ಅಂತೇನಿ. (ಹುಚ್ಚು ಅಂತೀರಾ? ಅನ್ರಿ.)

ಈಗ ಕಮಲನಗರ ಕಡಿಂದ ಒಂದು ಸಂಸಾರ ನಮ್ಮ ಓಣಿಗೆ ಬಾಡಿಗಿಗೆ ಬಂದದ. ರೇಖಾ ಅಂತ ಹುಡುಗಿ, ಕಂಕುಳಾಗ ಎಳಿಕೂಸು. ಹೊಸಬರು, ಪಾಳಿ ಇಲ್ಲ. ಕಟ್ಟಕಡೀಗಿ ನಿಲ್ತಾಳ. ಆಕಿ ತನಕ ಬರೋದ್ರಾಗ ಪೈಪಿನಾಗ ಗಾಳಿ ಬರ್ತದ. ಎದುರುಮನಿ ಸುಶೀಲಾಬಾಯಿ ಎಲ್ಲಾರ ಮುಂದ ನನಗ ಕೇಳೇಬಿಟ್ಟಳು: "ಅಕ್ಕಾ, ಇಲ್ಲದಾಕಿಗಿ ಪಾಳಿ ಅದ, ಕೂಸಿನ ತಾಯಿಗಿ ಇಲ್ಲ. ಇದ್ಯಾವ ನ್ಯಾಯರಿ?"

ಟ್ಯಾಂಕರ್ ಬರಲಿ, ನೋಡೋಣು ಅಂದೆ.

ಟ್ಯಾಂಕರ್ ಬರಲಿಲ್ಲ. ನೆತ್ತಿ ಸುಡಲಿಕತ್ತಿತ್ತು. ಬಾಜೂಕ ಸಾಲಿಯೊಳಗ ಬೀದರದಿಂದ ಕಾಲೇಜ್ ಮೇಡಂ ಒಬ್ಬರು ಬಂದು ಹುಡುಗರಿಗೆ ಆಕಾಶದಾಗಿನ ಚುಕ್ಕಿ ಚಿತ್ರ ತೋರಸಲಿಕತ್ತಿದ್ರು. ಹೆಡ್‌ಮಾಸ್ತರು ನಮ್ಮನ್ನೂ ಒಳಗ ಕರೆದ್ರು. ಎಲ್ಲಾರೂ ಹೋದಿವಿ. ಸುಳ್ಳ್ಯಾಕ ಹೇಳಲಿ, ಫ್ಯಾನ್ ಸಲುವಾಗಿ ಹೋದಿವಿ.

ಮೇಡಂ ಹೇಳಿದ್ದು ನನಗ ತಿಳದಷ್ಟು ಹೇಳ್ತೇನಿ. (ತಪ್ಪಿದ್ರ ಬೈಬ್ಯಾಡ್ರಿ, ನಾ ಎರಡನೇತ್ತೆಕ್ಕ ಸಾಲಿ ಬಿಟ್ಟಾಕಿ.) ನಮ್ಮ ಸೂರ್ಯ ಒಬ್ಬನೇ ಅಲ್ಲಂತ. ಚುಕ್ಕಿ ಅಂದ್ರ ಸೂರ್ಯರೇ, ಅವಕ್ಕೂ ಗ್ರಹ ಅವಂತ. ಕೆಲವು ಗ್ರಹ ಎಷ್ಟು ದೊಡ್ಡವಂದ್ರ ನಮ್ಮ ಭೂಮಿ ಅವುಗಳ ಮುಂದ ಜ್ವಾಳದ ಕಾಳು. ಅಂಥಾ ದೊಡ್ಡವು ಕೆಲವು ತಮ್ಮ ಸೂರ್ಯನ ಮಗ್ಗಲಕ್ಕೇ ಸುತ್ತತಾವ, ಕೆಂಡಧಂಗ ಕಾದಿರ್ತಾವ. ಅವು ಅಲ್ಲೇ ಹುಟ್ಟಿದ್ದಲ್ಲ, ದೂರ ಹುಟ್ಟಿ ಆಮ್ಯಾಲ ಬಂದಾವ ಅಂತ ತಿಳದವರು ಅಂತಾರಂತ.

ನಾ ನೆಟ್ಟಗ ಕೂತೆ. ಆಕಾಶದಾಗೂ ಗುಳೆ?

ಅದು ಹ್ಯಾಂಗ ಆಗ್ತದ? ಒಂದಕ್ಕಿಂತ ಹೆಚ್ಚು ರೀತಿ ಅವ ಅಂತ ಹೇಳಿ, ಮೇಡಂ ಅದರಾಗ ಒಂದು ಹೇಳಿದ್ರು. ಎರಡು ದೊಡ್ಡ ಗ್ರಹ ಹತ್ರ ಹತ್ರ ಸುತ್ತತಿರ್ತಾವ. ಹಗ್ಗ ಇಲ್ಲ, ಕೈ ಇಲ್ಲ, ಆದ್ರೂ ಇದು ಅದನ್ನ ಎಳೀತದ, ಅದು ಇದನ್ನ ಎಳೀತದ. ಗುರುತ್ವ ಅಂತಾರಂತ. ನಾ ಸೆಳೆತ ಅಂತೇನಿ. ಎಳದಾಡಿ ಎಳದಾಡಿ ಒಂದಿನ ಒಂದು ಸಿಡದು ಹೋಗ್ತದ. ಸೂರ್ಯನೂ ಇಲ್ಲ, ಏನೂ ಇಲ್ಲ, ಕತ್ತಲದಾಗ ತಿರಗತದ. ಉಳಿದದ್ದು ಸುಖವಾಗಿರ್ತದೇನು? ಇಲ್ಲ. ಮೊದಲು ರೊಟ್ಟಿಹಂಗ ದುಂಡಗಿದ್ದ ದಾರಿ ಸೌತಿಕಾಯಿಹಂಗ ಉದ್ದ ಆಗ್ತದ. ಒಮ್ಮೆ ಸೂರ್ಯನ ಮೈಗೆ ಹತ್ತೋ ಹಂಗ ಬರ್ತದ, ಒಮ್ಮೆ ಎಲ್ಲೋ ದೂರ. ಕೆಲವಕ್ಕ ಸೂರ್ಯನೇ ಬರಬರತಾ ಹಿಡದು ಹಿಡದು ತನ್ನ ಹತ್ರ ಸಣ್ಣ ಸುತ್ತಿಗೆ ಹಚ್ಚತಾನಂತ.

ನಾ ಎದ್ದು ನಿಂತೆ. "ಹೋದದ್ದು ಕಾಣಂಗೇ ಇಲ್ಲಂದ್ರ, ಅದು ಇತ್ತಂತ ನಿಮಗ ಹ್ಯಾಂಗ ಗೊತ್ತರಿ?"

ಹೆಣ್ಣುಮಕ್ಕಳು ನಕ್ಕರು. ಮೇಡಂ ನಗಲಿಲ್ಲ.

"ಉಳಿದದ್ದರ ದಾರಿ ಸೊಟ್ಟ ಇರ್ತದ ಅಮ್ಮಾ. ಅದೊಂದೇ ಇದ್ದಿದ್ರ ಅಷ್ಟು ಸೊಟ್ಟ ಯಾಕ ಆಗ್ತಿತ್ತು? ಬಾಜೂಕ ಇನ್ನೊಂದು ಇದ್ದಿರಬೇಕು ಅಂತ ತಿಳೀತೇವಿ."

"ಅದು ತಿರುಗಿ ಬರ್ತದೇನ್ರಿ?"

"ಇಲ್ಲರಿ ಅಮ್ಮಾ."

ಸುಶೀಲಾಬಾಯಿ ನನ್ನ ಸೆರಗ ಜಗ್ಗಿ ಕೂಡಿಸಿದಳು.

ನಾನೂ ಕಾಶಿಬಾಯೀನೂ ಗೆಳತೇರು ಅಂತ ತಿಳಕೋಬ್ಯಾಡ್ರಿ. ದಿನಾ ಜಗಳ. ಆಕಿ ಕೋಳಿ ನನ್ನ ಅಂಗಳದಾಗ, ನನ್ನ ಒಲಿ ಹೊಗಿ ಆಕಿ ಮನಿಯಾಗ. ನಡುವ ಇರೋ ಕಟ್ಟಿ ಅರ್ಧ ನಾ ಗುಡಸ್ತಿದ್ದೆ, ಅರ್ಧ ಆಕಿ. ಇವತ್ತಿಗೂ ನಾ ಅರ್ಧಾನೇ ಗುಡಸ್ತೇನಿ. ಆಕಿ ಅರ್ಧದ ಮ್ಯಾಲ ಧೂಳು ಕೂತದ, ಕಸಬರಗಿ ಅಲ್ಲಿಗೆ ಬಂದು ನಿಲ್ತದ. ಸಾರಿಗೆ ಉಪ್ಪು ಹೆಚ್ಚಾದ್ರ ಆಕಿ ಗ್ವಾಡಿ ಕಡೆ ಮಾರಿ ಮಾಡಿ ಬೈತೇನಿ. ಆ ಕಡಿಂದ ಜವಾಬಿಲ್ಲ. ಬೈದದ್ದಕ್ಕ ರುಚಿನೇ ಇಲ್ಲ. ಪುಣೆದಿಂದ ಒಮ್ಮೆ ಫೋನ್ ಮಾಡಿದ್ದಳು. ಅರಾಮ ಇದ್ದೀಯಾ ಅಂತ ಕೇಳಲಿಲ್ಲ, ಪಾಳಿ ಅದನೋ ಇಲ್ಲೋ ಅಂತ ಕೇಳಿದಳು. ಅದ ಅಂದೆ. ಹಿಂದ ಏನೋ ಮಶೀನ್ ಸಪ್ಪಳ, ಕಟ್ ಆತು. ಈಗ ಹಚ್ಚಿದ್ರ ಸ್ವಿಚ್ ಆಫ್.

ಹೊರಗ ಟ್ಯಾಂಕರ್ ಬಂತು. ಎಲ್ಲಾರೂ ಓಡಿದಿವಿ. ಕಾಶಿಬಾಯಿ ಕೊಡ ಎತ್ತಿದೆ, ರೇಖಾಗ ನಿನ್ನ ಕೊಡ ಇಲ್ಲಿ ಇಡು ಅಂದೆ. ಆಕಿ ಹಿಂದ ಮುಂದ ನೋಡಿದಳು.

"ಮಾವಶಿ, ಅವರು ಬಂದ್ರ ನಾ ಸರೀತೇನಿ."

"ಮೊದಲು ಕೂಸಿಗಿ ನೀರು ಕಾಸು" ಅಂದೆ.

ಸುಶೀಲಾಬಾಯಿ ನನ್ನ ತುಂಬಿದ ಕೊಡ ತಾನೇ ಹೊತಗೊಂಡು ಮನಿ ತನಕ ಬಂದಳು. ಖಾಲೀದು ನಾ ಹೊತ್ತೆ. ಖಾಲಿ ಕೊಡ ಅಷ್ಟು ಭಾರ ಇರ್ತದಂತ ಗೊತ್ತಿದ್ದಿಲ್ಲ ನನಗ.

ನಾಳೆ ಕಾಶಿಬಾಯಿ ಫೋನ್ ಬಂದ್ರ ಪಾಳಿ ಕೊಟ್ಟೆ ಅಂತ ಖರೇನೇ ಹೇಳ್ತೇನಿ. ಬೈತಾಳ. ಬೈಲಿ. ಆ ಬೈಗಳ ಕೇಳೋ ಸಲುವಾಗೇ ದಿನಾ ಫೋನ್ ಚಾರ್ಜಿಗೆ ಹಚ್ಚತೇನಿ.

ನನ್ನ ಸೊಟ್ಟ ದಾರಿ ನೋಡಲಿಕ್ಕ ಇಡೀ ಓಣಿ ಅದ. ಸಿಡದು ಹೋದಾಕಿದು ಯಾರು ನೋಡ್ತಾರ? ಅಷ್ಟು ದೊಡ್ಡ ಪುಣೆದಾಗ ಒಬ್ಬರರೆ ಆಕಿ ಮಾರಿ ನೋಡಿ, "ಬಾಯೀ, ನಿನ್ನ ಬಾಜೂಕ ಯಾರಿದ್ರು?" ಅಂತ ಕೇಳ್ಯಾರೇನು?