ಚಾರ್ಜು ಕೊಟ್ಟು ಹೋದ ಮಾಸ್ತರರು

ಅವರ ರುಮಾಲಿನ ಮಡಿಕೆಯಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡುಗಳಿರುತ್ತಿದ್ದವು. ತಲೆ ಅಲ್ಲಾಡಿಸಿದರೆ ಬಿಳಿ ಪುಡಿ ಹುಬ್ಬಿನ ಮೇಲೆ ಉದುರುತ್ತಿತ್ತು. ಯಮಕನಮರಡಿಯಿಂದಾಚೆ ಒಂದು ಸಣ್ಣ ಊರಿನ ಶಾಲೆಯಲ್ಲಿ ನನಗಿಂತ ಮೊದಲು ಅವರು ಮಾಸ್ತರರು. ನಿಜ ಹೇಳಬೇಕೆಂದರೆ, ಅವರನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂತವನು ನಾನೇ.

ಹಿಂದುಳಿದ ಜಾತಿಯವರಿಗೆಂದು ಸ್ಕೂಲ್ ಬೋರ್ಡು ಕಾಯ್ದಿಟ್ಟ ಜಾಗ ಅವರಿಗೆ ಸಿಕ್ಕಿತ್ತು. ಪರೀಕ್ಷೆಯಲ್ಲಿ ನನ್ನ ಅಂಕ ಹೆಚ್ಚು. ಜಾತಿ ನೋಡಿ ನೌಕರಿ ಕೊಡಲು ಬೋರ್ಡಿಗೆ ಅಧಿಕಾರವಿಲ್ಲವೆಂದು ಖಟ್ಲೆ ಹೂಡಿದೆ. ಕೋರ್ಟಿನ ತಾರೀಖು ಬಂದಾಗಲೆಲ್ಲ ಇಬ್ಬರೂ ಒಂದೇ ಮೋಟಾರಿನಲ್ಲಿ ಗೋಕಾಕಕ್ಕೆ ಹೋಗುತ್ತಿದ್ದೆವು. "ಬರ್ರಿ ವಾದಿ ಸಾಹೇಬ್ರ, ಕಿಡಕಿ ಬಾಜೂ ಕೂಡ್ರಿ," ಎಂದು ನಗುತ್ತ ಸರಿದು ಕೂರುತ್ತಿದ್ದರು. ಆ ನಗೆ ಕಂಡರೆ ನನಗೆ ಮೈಯೆಲ್ಲ ಉರಿ.

ಗೆದ್ದೆ. ನಿಯಮದಲ್ಲಿ ಬೋರ್ಡಿಗೆ ಅಂಥ ಅಧಿಕಾರ ಕೊಟ್ಟಿಲ್ಲ ಎಂದಿತು ಕೋರ್ಟು.

ಚಾರ್ಜು ಕೊಡುವ ದಿನ ಅವರು ಸಾಮಾನಿನ ಯಾದಿ ಓದಿದರು: ಕುರ್ಚಿ ಒಂದು, ಗಂಟೆ ಒಂದು, ನಕಾಶೆ ಎರಡು, ಅದರಲ್ಲಿ ಒಂದು ಹರಿದದ್ದು. ಕೊನೆಯ ಸಾಲು ಯಾವ ಸರಕಾರಿ ನಮೂನೆಯಲ್ಲೂ ಇಲ್ಲದ್ದು: "ಒಳಗೆ ಕೂಡುವ ಮಕ್ಕಳು, ಎಲ್ಲರೂ." ಅವರು ಬರುವ ಮೊದಲು ಕೇರಿಯ ನಾಲ್ಕು ಹುಡುಗರು ಹೊರಗೆ ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಿದ್ದರು. ಊರವರ ಬೈಗುಳ ತಿಂದು ಮಾಸ್ತರರು ಆ ಹುಡುಗರನ್ನು ಒಳಗೆ ಕೂರಿಸಿದ್ದರು.

"ನೌಕರಿ ನಿಮ್ದಾತು, ತೊಗೋರಿ. ಈ ನಾಕು ಹುಡುಗರನ್ನ ಮಾತ್ರ ಹೊರಗ ಹಾಕಬ್ಯಾಡ್ರಿ."

"ಆತ್ರಿ," ಎಂದೆ. ಎಲ್ಲವೂ ಸರಿಯಾಗಿ ತಲುಪಿದೆ ಎಂದು ಬರೆದು ಸಹಿ ಮಾಡಿದೆ.

ವಾರ ತುಂಬುವ ಮೊದಲೇ ಊರ ಹಿರಿಯರು ಬಂದು ಗುಡುಗಿದರು. ನಾನು ಪುಕ್ಕಲ. ನಾಲ್ವರೂ ಮತ್ತೆ ಕಟ್ಟೆಗೆ ಹೋದರು. ಮುಂದಿನ ಸುಗ್ಗಿಯ ಹೊತ್ತಿಗೆ ಕಟ್ಟೆಯೂ ಖಾಲಿಯಾಯಿತು.

ಎರಡು ವರ್ಷದ ಮೇಲೆ ಗೋಕಾಕ ಸಂತೆಯಲ್ಲಿ ಮಾಸ್ತರರು ಸಿಕ್ಕರು. ಕೂಲಿ ಮಾಡಿ ಸೊರಗಿದ್ದರು. ರುಮಾಲಿನಲ್ಲಿ ಸೀಮೆಸುಣ್ಣದ ತುಂಡಿರಲಿಲ್ಲ. ತಮ್ಮ ಕಷ್ಟ ಒಂದೂ ಹೇಳಲಿಲ್ಲ.

"ಹುಡುಗರು ಒಳಗ ಅದಾರಲ್ರಿ?"

"ಅದಾರ್ರಿ," ಎಂದೆ.

"ನೀವು ಮಾತಿಗೆ ತಪ್ಪೋ ಮನಷ್ಯಾರಲ್ರಿ," ಎಂದು ನನ್ನ ಕೈ ಹಿಡಿದುಕೊಂಡರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆ ಮಳೆಗಾಲದಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ಮರುದಿನ ಬೆಳಿಗ್ಗೆ, ಹಿರಿಯರು ಏನಾದರೂ ಅನ್ನಲಿ ಎಂದು, ಆ ಹುಡುಗರನ್ನು ಕರೆಯಲು ನಾನೇ ಕೇರಿಗೆ ಹೋದೆ. ಒಬ್ಬ ಹುಡುಗನ ತಾಯಿ ಬಾಗಿಲಿಗೆ ಬಂದಳು.

"ಹೊಲಕ್ಕ ಹೋಗ್ಯಾನ್ರಿ. ಇನ್ನ ಸಾಲಿ ಯಾಕ್ರಿ ಮಾಸ್ತರ? ಕಲತಿದ್ದ ನಾಕ ಅಕ್ಷರಾನೂ ಮರತ ಹೋಗ್ಯಾವ್ರಿ."

ಆ ಯಾದಿ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಎಲ್ಲವೂ ಸರಿಯಾಗಿ ತಲುಪಿದೆ ಎಂಬುದರ ಕೆಳಗೆ ನನ್ನದೇ ಸಹಿ.